ಬಚ್ಚಲಿನ ಸಂದು

ಮೂವತ್ತು ವರ್ಷಗಳ ಕಾಲ ತರಗತಿಯಲ್ಲಿ ಸಂಧಿ ಪ್ರಕರಣವನ್ನು ಬೋಧಿಸಿದ ನನಗೆ, ಆ ಶಬ್ದದ ತದ್ಭವವಾದ ‘ಸಂದು’ ಎಂಬುದರ ಅರ್ಥ ಸರಿಯಾಗಿ ತಿಳಿದದ್ದು ನಿವೃತ್ತನಾದ ಮೇಲೆ. ಅದೂ ನಮ್ಮ ಮನೆಯ ಬಚ್ಚಲಿನಲ್ಲಿ.

ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಸಮೀಪದಲ್ಲಿ, ದಾಸರಹಳ್ಳಿಯ ಕಡೆ, ಒಂದು ಅಪಾರ್ಟ್‌ಮೆಂಟಿನ ಎರಡನೆಯ ಅಂತಸ್ತಿನಲ್ಲಿ ನಮ್ಮ ವಾಸ. ಕೆಳಗಿನ ಮನೆಯವರು ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಒಂದು ಬೆಳಿಗ್ಗೆ ಅವರು ಬಂದು, “ಮೇಷ್ಟ್ರೇ, ಒಂದು ಸಲ ಕೆಳಗೆ ಬಂದು ನೋಡ್ತೀರಾ?” ಎಂದರು. ಅವರ ದೇವರ ಮನೆಯ ಸೂರಿನಲ್ಲಿ ತಟ್ಟೆಯಗಲದ ತೇವದ ಕಲೆ. ಬಣ್ಣ ಉಬ್ಬಿ ಉದುರುತ್ತಿತ್ತು. ಗೋಡೆಯಾಚೆ ಅವರ ಸ್ನಾನದ ಮನೆ, ಅದರ ಮೇಲೆ ನಮ್ಮದು. ನೀರು ಇಳಿದ ಕಡೆಯೇ ಕಾಣಿಸಿಕೊಳ್ಳಬೇಕೆಂಬ ನಿಯಮವಿಲ್ಲ. ಅದು ತಾರಸಿಯೊಳಗೆ ದಾರಿ ಹುಡುಕಿಕೊಂಡು ಹೋಗುತ್ತದೆ.

ನಮ್ಮ ಹಳ್ಳಿಯ ಮನೆಗಳಲ್ಲಿ ಬಚ್ಚಲು ಸೋರಿದರೆ ಆ ನೀರು ಹಿತ್ತಿಲ ಬಾಳೆಗೋ ತೆಂಗಿಗೋ ಸಲ್ಲುತ್ತಿತ್ತು. ಅಂತಸ್ತಿನ ಮನೆಗಳಲ್ಲಿ ಹಾಗಲ್ಲ; ನನ್ನ ನೆಲವೇ ಮತ್ತೊಬ್ಬರ ಸೂರು. ಇಳಿದ ನೀರು ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳನ್ನು ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ.

ಸಂದು ಬಿರಿಯುವುದೇಕೆ? ಹಿಂದಿನ ಗಾರೆಯವರು ಸುಣ್ಣ ಮರಳುಗಳ ಜೊತೆಗೆ ಬೆಲ್ಲ, ಅಳಲೆಕಾಯಿಗಳ ನೀರನ್ನು ಸೇರಿಸಿ ಅರೆದು ಗಾರೆ ಮಾಡುತ್ತಿದ್ದರು. ಸುಣ್ಣದ ಗಾರೆ ಸಿಮೆಂಟಿನಷ್ಟು ಬಿರುಸಲ್ಲ. ಸ್ವಲ್ಪ ಅಲುಗಾಟವನ್ನು ತಾಳಿಕೊಂಡು, ಸಣ್ಣ ಬಿರುಕುಗಳನ್ನು ತಾನೇ ಕೂಡಿಸಿಕೊಳ್ಳುವ ಗುಣ ಅದಕ್ಕುಂಟು. ಇಂದಿನ ಸ್ನಾನದ ಮನೆಯಲ್ಲಿ ಟೈಲು, ಗಾಜು, ಉಕ್ಕು, ಪ್ಲಾಸ್ಟಿಕ್ಕು ಎಲ್ಲವೂ ಒಂದರ ಪಕ್ಕ ಒಂದು. ಬಿಸಿನೀರು ಬಿದ್ದಾಗ ಒಂದೊಂದೂ ಒಂದೊಂದು ಪ್ರಮಾಣದಲ್ಲಿ ಹಿಗ್ಗುತ್ತದೆ. ಟಬ್ಬಿರುವ ಮನೆಗಳಲ್ಲಿ ನೀರು ತುಂಬಿದ ಭಾರಕ್ಕೆ ಟಬ್ಬು ಕೂದಲೆಳೆಯಷ್ಟು ಕುಸಿಯುತ್ತದೆ. ಗೋಡೆ ನೆಲಗಳು ಕೂಡುವ ಮೂಲೆಗೆ ಸಿಮೆಂಟು ಮೆತ್ತಿದರೆ ಅದು ಬಿರಿಯದೆ ವಿಧಿಯಿಲ್ಲ. ಆದುದರಿಂದಲೇ ಅಲ್ಲಿಗೆ ರಬ್ಬರಿನಂತೆ ಬಾಗುವ ಸಿಲಿಕೋನ್ ಸೀಲೆಂಟನ್ನು ತುಂಬುತ್ತಾರೆ. ಅದಕ್ಕೂ ಆಯುಸ್ಸು ಉಂಟು: ಕೆಲವು ವರ್ಷಗಳಲ್ಲಿ ಅಂಚು ಬಿಡುತ್ತದೆ, ಕಪ್ಪು ಬೂಷ್ಟು ಹಿಡಿಯುತ್ತದೆ. ನಮ್ಮಂತೆ ಕೊಳವೆಬಾವಿಯ ಗಡಸು ನೀರು ಬಳಸುವವರಲ್ಲಿ ಬಿಟ್ಟ ಅಂಚಿನೊಳಗೆ ಬಿಳಿಯ ಉಪ್ಪೂ ಕಟ್ಟುತ್ತದೆ.

ನಾನು ಮೊದಲು ಬಿರುಕಿಗೆ ಬಿಳಿ ಸಿಮೆಂಟು ಮೆತ್ತಿದೆ, ತಿಂಗಳೊಳಗೆ ಬಿರಿಯಿತು. ಬಳಿಕ ಅಂಗಡಿಯಿಂದ ಸಿಲಿಕೋನ್ ತಂದು ಹಳೆಯದರ ಮೇಲೆಯೇ ಹಚ್ಚಿದೆ. ಅದು ಸಿಪ್ಪೆಯಂತೆ ಎದ್ದು ಬಂತು. ಕೆಳಗಿನ ಕಲೆ ಹರಿವಾಣದಷ್ಟಾಯಿತು. ಆಗ ಆ ಫಿಟ್ಟರ್ ಮಹಾಶಯರು ಹೇಳಿದರು: “ಹಳೇ ವಾಷರಿನ ಮೇಲೆ ಹೊಸ ವಾಷರ್ ಹಾಕಿದ್ರೆ ನಲ್ಲಿ ನಿಲ್ಲುತ್ಯೇ, ಮೇಷ್ಟ್ರೇ? ಹಳೇದನ್ನ ಪೂರ್ತಿ ತೆಗೀಬೇಕು.” ಇದೇ ಈ ವಿದ್ಯೆಯ ಸಾರ. ಗಟ್ಟಿಯಾದ ಸಿಲಿಕೋನಿಗೆ ಹೊಸ ಸಿಲಿಕೋನ್ ಭದ್ರವಾಗಿ ಅಂಟದು. ವ್ಯಾಕರಣದಲ್ಲಿ ಆದೇಶವೆನ್ನುತ್ತೇವಲ್ಲ, ಅದರಂತೆ ಹಳೆಯದು ಹೋದಲ್ಲದೆ ಹೊಸದಕ್ಕೆ ಸ್ಥಾನವಿಲ್ಲ.

ಅವರು ತೋರಿಸಿಕೊಟ್ಟ ಕ್ರಮ ಹೀಗೆ. ಹಳೆಯ ಪಟ್ಟಿಯ ಎರಡೂ ಅಂಚುಗಳನ್ನು ಬ್ಲೇಡಿನಿಂದ ಬಿಡಿಸಿ ಎಳೆಯಬೇಕು, ಉಳಿದುದನ್ನು ಕೆರೆಯಬೇಕು. ಟಬ್ಬು ಪ್ಲಾಸ್ಟಿಕ್ಕಿನದಾದರೆ ಕೆರೆಯುವ ಉಪಕರಣವೂ ಪ್ಲಾಸ್ಟಿಕ್ಕಿನದೇ ಇರಲಿ. ಬೂಷ್ಟನ್ನು ಬ್ಲೀಚಿಂಗ್ ಪುಡಿಯ ತಿಳಿನೀರಿನಿಂದ ಉಜ್ಜಿ ತೊಳೆಯಬಹುದು. ಆದರೆ ಅದರೊಡನೆ ಆಸಿಡ್ಡನ್ನು ಎಂದಿಗೂ ಬೆರೆಸಬಾರದು. ಪ್ರಾಣಕ್ಕೆ ಅಪಾಯಕರವಾದ ವಿಷಾನಿಲ ಏಳುತ್ತದೆ. ಬಳಿಕ ಒಂದು ದಿನವಾದರೂ ಸಂದು ಒಣಗಬೇಕು. ಕೊನೆಗೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಸೋಪಿನ ಜಿಡ್ಡನ್ನು ಒರೆಸಬೇಕು.

ಸಂದು ಆಳವಾಗಿದ್ದರೆ ತಳಕ್ಕೆ ಫೋಮಿನ ಬತ್ತಿಯನ್ನು ತುರುಕಬೇಕು. ಸೀಲೆಂಟು ಎರಡು ಬದಿಗಳನ್ನು ಮಾತ್ರ ಹಿಡಿದಿರಬೇಕು; ತಳವನ್ನೂ ಹಿಡಿದರೆ ಸಲೀಸಾಗಿ ಹಿಗ್ಗಲಾರದೆ ಹರಿಯುತ್ತದೆ. ಟಬ್ಬಿದ್ದರೆ ಮೊದಲೇ ನೀರು ತುಂಬಿ, ಸಂದು ಪೂರ್ತಿ ಅಗಲವಾದ ಮೇಲೆ ಹಚ್ಚಿ, ಗಟ್ಟಿಯಾಗುವತನಕ ನೀರನ್ನು ಹಾಗೆಯೇ ಬಿಡಬೇಕು. ಎರಡೂ ಬದಿಗೆ ಕಾಗದದ ಟೇಪು ಅಂಟಿಸಿ, ಒಂದೇ ಸಮನೆ ಪಟ್ಟಿ ಎಳೆದು, ಸೋಪಿನ ನೀರಿನಲ್ಲಿ ಅದ್ದಿದ ಬೆರಳಿನಿಂದ ನಯಗೊಳಿಸಿ, ಕೆನೆಗಟ್ಟುವ ಮೊದಲೇ ಟೇಪನ್ನು ಕಿತ್ತುಬಿಡಬೇಕು. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ಕನಿಷ್ಠ 24 ಗಂಟೆ ಅದರ ಮೇಲೆ ನೀರು ಬೀಳಬಾರದು. ಹುಳಿ ವಾಸನೆಯ ಬಗೆಯಲ್ಲಿ ಅಸಿಟಿಕ್ ಆಮ್ಲ ಹೊರಬೀಳುವುದರಿಂದ ಅಮೃತಶಿಲೆಗೆ ಅದು ಸಲ್ಲದು. ಅಲ್ಲಿ ‘ನ್ಯೂಟ್ರಲ್’ ಎಂಬ ಬಗೆಯನ್ನೇ ಕೇಳಿ ಕೊಳ್ಳಬೇಕು.

ಒಂದು ಎಚ್ಚರಿಕೆ. ಸೋರಿಕೆಗೆಲ್ಲ ಇದೇ ಮದ್ದಲ್ಲ. ಬಚ್ಚಲನ್ನು ನಾಲ್ಕಾರು ದಿನ ಬಳಸದಿದ್ದರೂ ಕೆಳಗಿನ ಕಲೆ ಹಸಿಯಾಗಿಯೇ ಬೆಳೆಯುತ್ತಿದ್ದರೆ ಗೋಡೆಯೊಳಗಿನ ನೀರಿನ ಪೈಪನ್ನು ಶಂಕಿಸಬೇಕು. ಸಂದು ಸರಿಯಾದ ಮೇಲೂ ಸ್ನಾನ ಮಾಡಿದಾಗಲೆಲ್ಲ ಸೋರಿದರೆ ದೋಷ ಟೈಲಿನ ಕೆಳಗೋ ಬಚ್ಚಲ ಕಿಂಡಿಯಲ್ಲೋ ಇದ್ದೀತು. ಆಗ ಬಲ್ಲ ಕೆಲಸಗಾರರನ್ನು ಕರೆಸದೆ ಗತ್ಯಂತರವಿಲ್ಲ.

ಬೆಂಗಳೂರಿಗೆ 1974ರಲ್ಲಿ ಕಾವೇರಿಯ ನೀರು ಬಂತು. ನಗರದಂಚಿನ 110 ಹಳ್ಳಿಗಳಿಗಾಗಿ 5ನೆಯ ಹಂತದ ಯೋಜನೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರ ಏರಿ ಬರುವ ನೀರು ಅದು. ಅಷ್ಟೊಂದು ಕೊಳವೆಗಳ ಸಂದುಗಳನ್ನು ದಾಟಿ ಬಂದ ನೀರು ನಮ್ಮ ಬಚ್ಚಲಿನ ಬೆರಳಗಲದ ಸಂದಿನಲ್ಲಿ ದಾರಿ ತಪ್ಪಿ ನೆರೆಯವರನ್ನು ನೋಯಿಸುವುದು ಯಾರಿಗೂ ಶೋಭೆಯಲ್ಲ.

ಕೆಳಗಿನ ಸೂರು ಒಣಗಲು ಎರಡು ತಿಂಗಳು ಹಿಡಿಯಿತು. ಬಣ್ಣದ ಖರ್ಚನ್ನು ನಾನು ಕೊಡಹೋದಾಗ ಅವರು ಅರ್ಧ ಮಾತ್ರ ತೆಗೆದುಕೊಂಡರು. ಈಗ ಸಂಕ್ರಾಂತಿಯಂದು ಎಳ್ಳುಬೆಲ್ಲ ಕೊಡಲು ಅವರ ಮನೆಗೆ ಹೋದಾಗ ನನ್ನ ಕಣ್ಣು ಮೊದಲು ಹೋಗುವುದು ದೇವರ ಕಡೆಗಲ್ಲ, ದೇವರ ಮೇಲಿನ ಸೂರಿನ ಕಡೆಗೆ.