ನಿಮಗಿದು ಗೊತ್ತೆ? ಒಂದೇ ಮನೆಯಲ್ಲಿ ನಾಲ್ಕು ಅಡ್ಡಹೆಸರು!

ಐಸ್‌ಲ್ಯಾಂಡ್‌ನಲ್ಲಿ ಅಪ್ಪ, ಅಮ್ಮ, ಮಗ, ಮಗಳು ಒಂದೇ ಸೂರಿನಡಿ ಇದ್ದರೂ ನಾಲ್ವರ ಹೆಸರಿನ ಕೊನೆಯ ಭಾಗ ಸಾಮಾನ್ಯವಾಗಿ ನಾಲ್ಕು ಬಗೆ. ಅಲ್ಲಿ ಬಹುತೇಕರಿಗೆ ಮನೆತನದ ಹೆಸರೇ ಇಲ್ಲ.

ಅಪ್ಪನ ಹೆಸರು ಯೋನ್ ಎಂದಿಟ್ಟುಕೊಳ್ಳಿ. ಮಗ 'ಯೋನ್ಸನ್', ಅಂದರೆ ಯೋನನ ಮಗ. ಮಗಳು 'ಯೋನ್ಸ್‌ದೋತ್ತಿರ್', ಯೋನನ ಮಗಳು. ಅಮ್ಮ ಮದುವೆಯಾದ ಮೇಲೂ ತನ್ನ ತಂದೆಯ ಹೆಸರನ್ನೇ ಉಳಿಸಿಕೊಳ್ಳುತ್ತಾಳೆ. ತಂದೆಯ ಬದಲು ತಾಯಿಯ ಹೆಸರು ಸೇರಿಸಿಕೊಳ್ಳುವವರೂ ಇದ್ದಾರೆ.

9ನೇ ಶತಮಾನದಲ್ಲಿ ನಾರ್ವೆ ಕಡೆಯಿಂದ ಬಂದು ನೆಲೆಸಿದವರ ಜೊತೆ ಬಂದ ಪದ್ಧತಿ ಇದು. ಯುರೋಪಿನ ಬಹುಭಾಗದಲ್ಲಿ ವಂಶದ ಹೆಸರುಗಳು ಬೇರುಬಿಟ್ಟರೂ ಐಸ್‌ಲ್ಯಾಂಡ್ ತನ್ನ ಹಳೆಯ ರೂಢಿ ಬಿಡಲಿಲ್ಲ. ಹೊಸದಾಗಿ ಮನೆತನದ ಹೆಸರಿಟ್ಟುಕೊಳ್ಳುವುದನ್ನು 1925ರಲ್ಲಿ ಕಾನೂನೇ ತಡೆಯಿತು.

ಹೀಗಾಗಿ ಅಲ್ಲಿ ವ್ಯಕ್ತಿಯ ಗುರುತು ಹುಟ್ಟಿದಾಗ ಇಟ್ಟ ಹೆಸರೇ. ಟೆಲಿಫೋನ್ ಡೈರೆಕ್ಟರಿಯ ಪಟ್ಟಿಯೂ ಆ ಹೆಸರಿನ ಅಕ್ಷರ ಕ್ರಮದಲ್ಲೇ ಇರುತ್ತಿತ್ತು. ವಿಗ್ದಿಸ್ ಫಿನ್‌ಬೋಗಾದೋತ್ತಿರ್ 1980ರಲ್ಲಿ ಅಲ್ಲಿನ ಚುನಾವಣೆ ಗೆದ್ದು ರಾಷ್ಟ್ರಾಧ್ಯಕ್ಷೆಯಾದ ಜಗತ್ತಿನ ಮೊದಲ ಮಹಿಳೆ. ಜನರ ಬಾಯಲ್ಲಿ ಅವರು ಬರೀ 'ವಿಗ್ದಿಸ್'.

ನಮ್ಮ ಹಳೆ ಮೈಸೂರು ಭಾಗದಲ್ಲೂ ಹೆಸರಿನ ಹಿಂದಿನ ಇನಿಷಿಯಲ್ ಹೆಚ್ಚಾಗಿ ಊರಿನದು, ಇಲ್ಲವೇ ಅಪ್ಪನದು.