ಮೂಗೂರು ಸೀಮೆಯ ಚಳಿಗಾಲ: ಹವೆಯ ಮುನ್ನೋಟವೂ ಕೊಯ್ಲಿನ ಎಚ್ಚರಿಕೆಯೂ

ಚಳಿಗಾಲವೆಂದರೆ ಮಳೆ ನಿಂತು ಒಣಹವೆ ನೆಲೆಸುವ ಕಾಲವೆಂಬ ಭಾವನೆಯು ರೈತರಲ್ಲಿ ಸಾಮಾನ್ಯವಾಗಿರುವುದು. ಮೂಗೂರು ಸೀಮೆಯ ಮಟ್ಟಿಗೆ ಇದು ಅರ್ಧ ಸತ್ಯ ಮಾತ್ರ. ರಾಗಿಯು ಕಣಕ್ಕೆ ಬರಬೇಕಾದ ಕಾರ್ತಿಕ ಮಾರ್ಗಶಿರ ಮಾಸಗಳಲ್ಲಿಯೇ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಏಳುವುವು. ಹೀಗೆ ವರ್ಷದ ದುಡಿಮೆಯ ಫಲವು ಎರಡು ಮೂರು ದಿನಗಳ ಮಳೆಗೆ ತುತ್ತಾಗುವ ಸಂಭವವುಂಟು.

ಸೀಮೆಯ ಸನ್ನಿವೇಶ

ಮೂಗೂರು ಟಿ. ನರಸೀಪುರ ತಾಲ್ಲೂಕಿಗೆ ಸೇರಿದ್ದು, ಕಾವೇರಿ ಕಬಿನಿಗಳ ಸಂಗಮಕ್ಕೆ ಸಮೀಪವಾದ ಬಯಲಿನಲ್ಲಿರುವುದು. ಆಗ್ನೇಯಕ್ಕೆ ಬಿಳಿಗಿರಿರಂಗನ ಬೆಟ್ಟವೂ, ದಕ್ಷಿಣಕ್ಕೆ ದೂರದಲ್ಲಿ ನೀಲಗಿರಿಯೂ ನಿಂತಿವೆ. ಮುಂಗಾರು ಮೋಡಗಳು ಪಶ್ಚಿಮ ಘಟ್ಟದಲ್ಲಿ ಬಹುಪಾಲು ಸುರಿದು ಬರಿದಾಗುವುದರಿಂದ ಇಲ್ಲಿಗೆ ತಲಪುವ ಮಳೆ ಸ್ವಲ್ಪವೇ. ವರ್ಷದ ಮಳೆಯಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರಿನಿಂದ ಬರತಕ್ಕದ್ದು.

ಮಳೆಯ ಮುನ್ನೋಟ

ಚಿತ್ತೆ, ಸ್ವಾತಿ ಮಳೆಗಳು ಅಕ್ಟೋಬರಿನಲ್ಲಿ ಧಾರಾಳವಾಗಿ ಸುರಿಯುವುದು ವಾಡಿಕೆ. ನವೆಂಬರಿನ ವಿಶಾಖೆಯಿಂದ ಮಳೆಯು ಕ್ಷೀಣಿಸುತ್ತ ಬಂದು, ಡಿಸೆಂಬರಿನ ಮಧ್ಯದಲ್ಲಿ ಮೂಲಾ ನಕ್ಷತ್ರ ಹುಟ್ಟುವ ವೇಳೆಗೆ ಆಕಾಶವು ಬಹುಮಟ್ಟಿಗೆ ತಿಳಿಯಾಗುವುದು. ಆದರೆ ಕೊಲ್ಲಿಯ ಬಿರುಗಾಳಿಗಳು ಈ ಕ್ರಮವನ್ನು ಕೆಡಿಸಬಲ್ಲುವು. ೨೦೨೧ನೆಯ ಇಸವಿಯ ನವೆಂಬರಿನಲ್ಲಿ ದಕ್ಷಿಣ ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ ಎಡೆಬಿಡದೆ ಮಳೆಯಾಗಿ, ಕಟಾವಿಗೆ ಬಂದ ರಾಗಿಯು ಹೊಲದಲ್ಲಿಯೇ ಮೊಳೆಯಿತು. ೨೦೨೪ನೆಯ ನವೆಂಬರ್ ೩೦ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತವು ಬಲಗುಂದಿದ ಮೇಲೆಯೂ ಮೈಸೂರು, ಚಾಮರಾಜನಗರ ಜಿಲ್ಲೆಗಳವರೆಗೆ ಮಳೆ ತಂದಿತು.

ಪೆಸಿಫಿಕ್ ಮಹಾಸಾಗರದ ನೀರು ಕಾದಿರುವ ಎಲ್ ನಿನೋ ವರ್ಷಗಳಲ್ಲಿ ಹಿಂಗಾರು ಬಲವಾಗಿಯೂ, ತಣ್ಣಗಿರುವ ಲಾ ನಿನಾ ವರ್ಷಗಳಲ್ಲಿ ದುರ್ಬಲವಾಗಿಯೂ ಇರುವ ಪ್ರವೃತ್ತಿಯುಂಟು. ಆದರೆ ಇದನ್ನೇ ನಂಬಿ ಕೂರಲಾಗದು. ಮೇಲೆ ಹೇಳಿದ ೨೦೨೧ನೆಯ ಅತಿವೃಷ್ಟಿಯು ಲಾ ನಿನಾ ಇದ್ದಾಗಲೇ ಒದಗಿತು.

ರಾಗಿಯ ಕೊಯ್ಲು

ಮಳೆಯ ಸೂಚನೆ ಬಂದೊಡನೆ ಗಾಬರಿಯಿಂದ ಇಡೀ ಹೊಲವನ್ನು ಕೊಯ್ದು ಹಾಕುವುದೇ ದೊಡ್ಡ ನಷ್ಟಕ್ಕೆ ಕಾರಣ. ನೆಲದ ಮೇಲೆ ಅರಿಯಾಗಿ ಬಿದ್ದ ಪೈರಿನ ತೆನೆಗೆ ಕೆಳಗಿನಿಂದಲೂ ಮೇಲಿನಿಂದಲೂ ತೇವ ತಗಲಿ, ಕಾಳು ಬೇಗ ಮೊಳೆಯುವುದು. ನಿಂತ ಪೈರಿಗಾದರೋ ಗಾಳಿಯಾಡಿ ತೆನೆ ಬೇಗ ಆರುವುದು. ಆದುದರಿಂದ ಮಳೆಗೆ ಮುಂಚೆ ಎಷ್ಟನ್ನು ಒಣಗಿಸಿ ಮೆದೆ ಹಾಕಲು ಸಾಧ್ಯವೋ ಅಷ್ಟನ್ನು ಮಾತ್ರ ಕೊಯ್ಯತಕ್ಕದ್ದು. ಮೆದೆಯನ್ನು ಎತ್ತರದ ಜಾಗದಲ್ಲಿ, ತೆನೆಗಳು ಒಳಮುಖವಾಗುವಂತೆ ಒಟ್ಟಿ, ಮೇಲೆ ಹುಲ್ಲನ್ನಾಗಲಿ ಟಾರ್ಪಾಲನ್ನಾಗಲಿ ಹೊದಿಸಬೇಕು. ಅರಿಯು ನೆನೆದಿದ್ದರೆ ಬಿಸಿಲು ಬಂದ ಕೂಡಲೆ ತಿರುವಿ ಹಾಕಿ ಒಣಗಿಸಬೇಕು. ಹಸಿಯಾಗಿಯೇ ಮೆದೆ ಹಾಕಿದರೆ ಒಳಗೆ ಕಾವು ಹುಟ್ಟಿ ಬೂಷ್ಟು ಹಿಡಿಯುವುದಲ್ಲದೆ, ಆ ಹುಲ್ಲನ್ನು ದನಗಳೂ ಮೂಸವು.

ಚಳಿ ಮತ್ತು ಮಂಜು

ಮೋಡವಿಲ್ಲದ ರಾತ್ರಿಗಳಲ್ಲಿ ಭೂಮಿಯ ಕಾವು ತಡೆಯಿಲ್ಲದೆ ಆಕಾಶಕ್ಕೆ ಹೋಗುವುದು. ತಣ್ಣಗಾದ ಗಾಳಿಯು ಭಾರವಾಗಿ, ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುವುದು. ನೀಲಗಿರಿಯ ಕಣಿವೆಗಳಲ್ಲಿ ಡಿಸೆಂಬರ್, ಜನವರಿಗಳಲ್ಲಿ ಹೆಪ್ಪುಮಂಜು ಬೀಳುವುದಕ್ಕೆ ಇದೇ ಕಾರಣ. ಮೂಗೂರಿನ ಬಯಲಿನಲ್ಲಿ ಚಳಿಯು ಅಷ್ಟು ತೀವ್ರವಲ್ಲ. ಆದರೂ ಮೈಸೂರು ನಗರದಲ್ಲಿ ೨೦೧೨ನೆಯ ಜನವರಿ ೧೬ರಂದು ಉಷ್ಣಮಾನವು ೭.೭ ಡಿಗ್ರಿ ಸೆಂಟಿಗ್ರೇಡಿಗೆ ಇಳಿದಿತ್ತು. ಹಳ್ಳದ ಪಕ್ಕದ ಗದ್ದೆಗಳಲ್ಲಿ ಇಬ್ಬನಿ ಹೊತ್ತೇರುವವರೆಗೂ ಆರದಿರುವುದರಿಂದ ಬೆಂಕಿರೋಗವು ಬೇಗ ಹಬ್ಬುವುದು. ತಗ್ಗಿನ ಜಮೀನಿನವರು ಎಲೆಗಳ ಮೇಲಿನ ಕದಿರಿನಾಕಾರದ ಚುಕ್ಕೆಗಳನ್ನು ಹುಡುಕಿ ನೋಡುತ್ತಿರಬೇಕು. ಅವರೆಗೆ ಮಾತ್ರ ಈ ಚಳಿಯೂ ಹ್ರಸ್ವ ಹಗಲೂ ಹಿತಕರ.

ಬೇಸಗೆಯ ಬತ್ತಕ್ಕಾಗಿ ಬಿಟ್ಟ ಒಟ್ಟಲಿನ ಪೈರು ಚಳಿಯಲ್ಲಿ ಕುಂಠಿತವಾಗುವುದು. ಸಂಜೆ ನೀರು ಕಟ್ಟಿ ಬೆಳಗ್ಗೆ ಬಸಿದರೆ ಬುಡಕ್ಕೆ ಕಾವು ಉಳಿಯುವುದು. ನಾಲೆಯ ನೀರಿನ ವಿಷಯವಾಗಿ ನೀರಾವರಿ ಸಲಹಾ ಸಮಿತಿಯ ತೀರ್ಮಾನ ಪ್ರಕಟವಾಗುವುದಕ್ಕೆ ಮುಂಚೆ ಬಿತ್ತನೆ ಮಾಡಬಾರದು.

ರೇಷ್ಮೆ ಮತ್ತು ಕುರಿ

ಚಾಕಿ ಹುಳುಗಳಿಗೆ ೨೭–೨೮ ಡಿಗ್ರಿಗಳ ಕಾವು ಅವಶ್ಯಕ. ಇದಕ್ಕಾಗಿ ಮನೆಯೊಳಗೆ ಇದ್ದಿಲ ಒಲೆ ಇಟ್ಟು ಕಿಟಕಿ ಬಾಗಿಲುಗಳನ್ನೆಲ್ಲಾ ಮುಚ್ಚಿ ಮಲಗುವುದು ಪ್ರಾಣಾಪಾಯಕರ. ಇದ್ದಿಲ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಳಿಯ ಸಂಚಾರಕ್ಕೆ ಎಡೆಯಿಟ್ಟೇ ಕಾವು ಕೊಡಬೇಕು. ಹಿಂಗಾರಿನ ತೇವದಲ್ಲಿ ಕುರಿಗಳಿಗೆ ನೀಲಿನಾಲಿಗೆ ರೋಗವು ಹರಡುವುದರಿಂದ, ಮಳೆಗೆ ಮುಂಚೆಯೇ ಪಶುವೈದ್ಯರಲ್ಲಿ ಲಸಿಕೆ ಹಾಕಿಸಿಕೊಳ್ಳುವುದು ಕ್ಷೇಮ.

ಮುಖಂಡರ ಕರ್ತವ್ಯ

ಭಾರತ ಹವಾಮಾನ ಇಲಾಖೆಯ ಕೃಷಿ ಹವಾ ವರದಿಯು ಪ್ರತಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಹೊರಡುವುದು. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಬೇಸಾಯದ ಸಲಹೆ ದೊರೆಯುವುದು. ಗ್ರಾಮದ ಮುಖಂಡರು ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಈ ವರದಿಯ ಸಾರಾಂಶವನ್ನು ಪಂಚಾಯಿತಿಯ ಹಲಗೆಯ ಮೇಲೆ ಬರೆಸತಕ್ಕದ್ದು. ದೊಡ್ಡ ಜಮೀನುದಾರರು ತಮ್ಮ ಕಣಗಳನ್ನೂ ಟಾರ್ಪಾಲುಗಳನ್ನೂ ಬಿಡುವಾದಾಗ ನೆರೆಯ ಸಣ್ಣ ಹಿಡುವಳಿದಾರರಿಗೆ ಒದಗಿಸಿಕೊಟ್ಟರೆ ಮಹೋಪಕಾರವಾಗುವುದು. ಮಳೆಯನ್ನು ತಡೆಯುವ ಶಕ್ತಿ ಯಾರಿಗೂ ಇಲ್ಲ. ಎರಡು ದಿನ ಮುಂಚಿತವಾಗಿ ತಿಳಿದರೆ ಬೆಳೆದ ರಾಗಿಯನ್ನು ಉಳಿಸಿಕೊಳ್ಳುವ ಶಕ್ತಿ ಮಾತ್ರ ಪ್ರತಿ ಗ್ರಾಮಕ್ಕೂ ಉಂಟು.