ಎರಡು ರಾಜ್ಯ, ಎರಡು ವೆಬ್‌ಸೈಟ್: ಒಂದು ಓಡಿತು, ಒಂದು ತೆರೆಯಲೇ ಇಲ್ಲ

ಮಿನಿ ಪ್ರಾಜೆಕ್ಟ್ ಡೆಮೋ ಹಿಂದಿನ ರಾತ್ರಿ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಲಾಗಿನ್ ಪೇಜ್ ಒಬ್ಬರದ್ದು, ಡೇಟಾಬೇಸ್ ಇನ್ನೊಬ್ಬರದ್ದು, ರಿಪೋರ್ಟ್ ಮತ್ತೊಬ್ಬರದ್ದು. ಅವರವರ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಚೆನ್ನಾಗಿ ಓಡುತ್ತೆ. ರಾತ್ರಿ ಹನ್ನೊಂದಕ್ಕೆ ಮೂರನ್ನೂ ಸೇರಿಸಿದ ಕೂಡಲೇ ಯಾವುದೂ ಓಡಲ್ಲ. ನಮಗೆ ಹೋಗೋದು ಐದೋ ಹತ್ತೋ ಮಾರ್ಕ್ಸ್ ಅಷ್ಟೇ. ಇದೇ ತಪ್ಪನ್ನು ಒಂದು ಸರ್ಕಾರ ಮಾಡಿದರೆ? ಆ ಸೈಟನ್ನು ನಂಬಿ ಕಾಯಿಲೆಯವರು ಕಾದು ಕೂತಿದ್ದರೆ?

ಅಮೆರಿಕದಲ್ಲಿ 2013ರ ಅಕ್ಟೋಬರ್ 1ರಂದು ಇಂಥದ್ದೇ ಒಂದು ಡೆಮೋ ಇತ್ತು. ಅವತ್ತು ಆರೋಗ್ಯ ವಿಮೆಯ ಆನ್‌ಲೈನ್ ಮಾರುಕಟ್ಟೆಗಳು ದೇಶದಾದ್ಯಂತ ತೆರೆಯಬೇಕಿತ್ತು. ಕೇಂದ್ರ ಸರ್ಕಾರದ ಹೆಲ್ತ್‌ಕೇರ್ ಡಾಟ್ ಗವ್ ಸೈಟಿಗೆ ಮೊದಲ ದಿನವೇ ಲಕ್ಷಾಂತರ ಜನ ನುಗ್ಗಿದರು. ಕೊನೆಯವರೆಗೂ ಹೋಗಿ ವಿಮೆ ತಗೊಂಡವರು ಆರು ಜನ. ಆರು ಲಕ್ಷ ಅಲ್ಲ, ಆರೇ ಜನ!

ಆ ಸೈಟಿನ ಕಥೆ ನೀವು ಎಲ್ಲೋ ಕೇಳಿರಬಹುದು. ಅದಕ್ಕಿಂತ ಹೆಚ್ಚು ಕಲಿಸುವ ಕಥೆ ಎರಡು ರಾಜ್ಯಗಳದ್ದು: ಒರೆಗಾನ್ ಮತ್ತು ಕೆಂಟಕಿ. ಎರಡರ ಜನಸಂಖ್ಯೆಯೂ ಆಗ ಹೆಚ್ಚುಕಡಿಮೆ 40 ಲಕ್ಷದ ಆಸುಪಾಸು. ಎರಡಕ್ಕೂ ಒಂದೇ ಕಾನೂನು, ಒಂದೇ ಡೆಡ್‌ಲೈನ್. ಆದರೆ ಫಲಿತಾಂಶ ಪೂರ್ತಿ ಉಲ್ಟಾ. ಯಾಕೆ ಅನ್ನೋದೇ ಈ ಲೇಖನ.

ಮಾರುಕಟ್ಟೆ ಅಂದ್ರೆ ಏನು?

ಅಮೆರಿಕದಲ್ಲಿ ಹೆಚ್ಚಿನವರಿಗೆ ಆರೋಗ್ಯ ವಿಮೆ ಸಿಗೋದು ಕೆಲಸ ಮಾಡುವ ಕಂಪನಿಯಿಂದ. ಸ್ವಂತ ಅಂಗಡಿ ಇಟ್ಟವರು, ಸಣ್ಣಪುಟ್ಟ ಕೆಲಸದವರು ತಾವೇ ಕೊಳ್ಳಬೇಕಿತ್ತು. ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಮೊದಲೇ ಇದ್ದರೆ ಹೆಚ್ಚಿನ ರಾಜ್ಯಗಳಲ್ಲಿ ವಿಮಾ ಕಂಪನಿ 'ಆಗಲ್ಲ' ಅಂತ ಹೇಳಿಬಿಡಬಹುದಿತ್ತು. 2010ರ ಮಾರ್ಚ್‌ನಲ್ಲಿ ಒಬಾಮ ಸಹಿ ಹಾಕಿದ ಕಾನೂನು ಇದನ್ನು ಬದಲಾಯಿಸಿತು. 2014ರಿಂದ ಕಾಯಿಲೆಯ ಕಾರಣಕ್ಕೆ ಯಾರಿಗೂ ವಿಮೆ ನಿರಾಕರಿಸುವ ಹಾಗಿಲ್ಲ. ಜೊತೆಗೆ ಪ್ರತಿ ರಾಜ್ಯದಲ್ಲೂ ಎಲ್ಲ ಪ್ಲಾನ್‌ಗಳನ್ನು ಒಂದೇ ಕಡೆ ಹೋಲಿಸಿ ಕೊಳ್ಳುವ ಮಾರುಕಟ್ಟೆ ಇರಬೇಕು. ರಾಜ್ಯ ಬೇಕಿದ್ದರೆ ತಾನೇ ಕಟ್ಟಿಕೊಳ್ಳಬಹುದು, ಇಲ್ಲದಿದ್ದರೆ ಕೇಂದ್ರದ ಸೈಟನ್ನೇ ಬಳಸಬಹುದು.

ಪ್ಲಾನ್‌ಗಳಿಗೆ ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ಹೆಸರು. ಸರಾಸರಿ ಲೆಕ್ಕದಲ್ಲಿ ಬ್ರಾಂಜ್ ಚಿಕಿತ್ಸೆಯ ಖರ್ಚಿನ ಶೇ. 60 ಭರಿಸುತ್ತೆ, ಸಿಲ್ವರ್ ಶೇ. 70, ಗೋಲ್ಡ್ ಶೇ. 80, ಪ್ಲಾಟಿನಂ ಶೇ. 90. ಆದಾಯ ಕಡಿಮೆ ಇರುವವರಿಗೆ ಪ್ರೀಮಿಯಂನಲ್ಲಿ ಸಬ್ಸಿಡಿ. ತೀರಾ ಕಡಿಮೆ ಇದ್ದರೆ ಮೆಡಿಕೇಡ್ ಅನ್ನುವ ಸರ್ಕಾರಿ ಯೋಜನೆ.

ಕೇಳೋಕೆ ಇದು ಅಮೆಜಾನ್, ಫ್ಲಿಪ್‌ಕಾರ್ಟ್ ಥರ ಅನ್ನಿಸುತ್ತೆ. ಎಲ್ಲರೂ ಮೊದಲು ಹಾಗೇ ಅಂದುಕೊಂಡರು. ಸಮಸ್ಯೆ ಶುರುವಾಗಿದ್ದೇ ಅಲ್ಲಿ.

ತೆರೆಯ ಹಿಂದೆ

ಶಾಪಿಂಗ್ ಸೈಟಿನಲ್ಲಿ ಒಂದು ಶರ್ಟಿಗೆ ಒಂದು ಬೆಲೆ. ಇಲ್ಲಿ ಹಾಗಲ್ಲ. ನಿಮ್ಮ ವಯಸ್ಸು, ಊರು, ಮನೆಯಲ್ಲಿ ಎಷ್ಟು ಜನ, ವರ್ಷದ ಆದಾಯ ಎಷ್ಟು, ಇವೆಲ್ಲ ಗೊತ್ತಾಗುವ ತನಕ ನೀವು ಕಟ್ಟಬೇಕಾದ ಬೆಲೆಯೇ ಹುಟ್ಟಲ್ಲ. ಅಷ್ಟೇ ಅಲ್ಲ, ನೀವು ಹೇಳಿದ್ದು ನಿಜವಾ ಅಂತ ಆ ಕ್ಷಣದಲ್ಲೇ ಪರಿಶೀಲಿಸಬೇಕು. ಅದಕ್ಕಾಗಿ ಕೇಂದ್ರ ಸರ್ಕಾರ ಒಂದು ಡೇಟಾ ಹಬ್ ಮಾಡಿತ್ತು. ರಾಜ್ಯದ ಸೈಟು ಹಬ್‌ಗೆ ಪ್ರಶ್ನೆ ಕಳಿಸುತ್ತೆ, ಹಬ್ಬು ತೆರಿಗೆ ಇಲಾಖೆಯಲ್ಲಿ ಆದಾಯ, ಸೋಶಿಯಲ್ ಸೆಕ್ಯುರಿಟಿ ಇಲಾಖೆಯಲ್ಲಿ ಗುರುತಿನ ಸಂಖ್ಯೆ, ಹೋಮ್‌ಲ್ಯಾಂಡ್ ಸೆಕ್ಯುರಿಟಿಯಲ್ಲಿ ವಲಸೆ ದಾಖಲೆ ಕೇಳಿ ಉತ್ತರ ತರುತ್ತೆ. ಆಮೇಲೆ ಸಬ್ಸಿಡಿ ಲೆಕ್ಕ, ಆಮೇಲೆ ಪ್ಲಾನ್ ಆಯ್ಕೆ.

ಕೊನೆಯ ಹೆಜ್ಜೆ ಯಾರ ಕಣ್ಣಿಗೂ ಬೀಳಲ್ಲ, ಆದರೆ ಅದೇ ಮುಖ್ಯ. ನೀವು ಆರಿಸಿದ ಪ್ಲಾನಿನ ವಿವರ '834' ಅನ್ನುವ ಸ್ಟ್ಯಾಂಡರ್ಡ್ ಫೈಲ್ ಆಗಿ ವಿಮಾ ಕಂಪನಿಗೆ ಹೋಗುತ್ತೆ. ಈ ಫೈಲ್ ತಪ್ಪಾದರೆ ಸ್ಕ್ರೀನ್ ಮೇಲೆ 'ಅಭಿನಂದನೆಗಳು' ಅಂತ ಬಂದಿರುತ್ತೆ, ಕಂಪನಿಗೆ ಮಾತ್ರ ನೀವು ಯಾರು ಅಂತಲೇ ಗೊತ್ತಿರಲ್ಲ. ಕೇಂದ್ರದ ಸೈಟಿನಲ್ಲಿ ಮೊದಮೊದಲು ಒಬ್ಬರ ಹೆಸರಲ್ಲೇ ಎರಡೆರಡು ಫೈಲ್ ಹೋಗುತ್ತಿತ್ತು, ಗಂಡನೋ ಹೆಂಡತಿಯೋ ಫೈಲಿನಲ್ಲಿ ಮಗು ಅಂತ ದಾಖಲಾಗುತ್ತಿತ್ತು. ಇಂಥ ಬಗ್ ಗೊತ್ತಾಗೋದು ಯಾವಾಗ? ಮಗುವಿಗೆ ಜ್ವರ ಬಂದು ಆಸ್ಪತ್ರೆ ಕೌಂಟರ್ ಮುಂದೆ ಕಾರ್ಡ್ ಹಿಡಿದು ನಿಂತಾಗ.

ಒರೆಗಾನ್: ಎಲ್ಲವೂ ಒಟ್ಟಿಗೇ ಬೇಕು

ಒರೆಗಾನ್ ಆರೋಗ್ಯ ಸುಧಾರಣೆಯಲ್ಲಿ ಯಾವಾಗಲೂ ಮುಂದೆ. ಅಲ್ಲಿನ ಗವರ್ನರ್ ಜಾನ್ ಕಿಟ್ಝಾಬರ್ ಸ್ವತಃ ಡಾಕ್ಟರ್. ಕೇಂದ್ರದಿಂದ ಸುಮಾರು 30 ಕೋಟಿ ಡಾಲರ್ ಅನುದಾನ ಸಿಕ್ಕಿತು. ಸೈಟಿಗೆ 'ಕವರ್ ಒರೆಗಾನ್' ಅಂತ ಹೆಸರಿಟ್ಟರು. ಜಾನಪದ ಶೈಲಿಯ ಹಾಡಿನ ಚಂದದ ಟಿವಿ ಜಾಹೀರಾತೂ ಬಂತು. ಜಾಹೀರಾತು ರೆಡಿ, ಸೈಟ್ ಮಾತ್ರ ರೆಡಿ ಇರಲಿಲ್ಲ.

ಎಡವಿದ್ದು ಪ್ಲಾನಿಂಗ್‌ನಲ್ಲಿ. ವಿಮಾ ಮಾರುಕಟ್ಟೆ ಮಾತ್ರ ಸಾಕು ಅಂತ ಅವರು ನಿಲ್ಲಲಿಲ್ಲ. ಅದೇ ಸಮಯಕ್ಕೆ ರಾಜ್ಯದ ಹಳೆಯ ಸಮಾಜ ಕಲ್ಯಾಣ ಸಾಫ್ಟ್‌ವೇರ್ ಎಲ್ಲವನ್ನೂ ಹೊಸದು ಮಾಡಿ, ಒಂದೇ ಬಾಗಿಲಲ್ಲಿ ಎಲ್ಲ ಸೌಲಭ್ಯ ಕೊಡೋಣ ಅಂತ ಹೊರಟರು. ಕನಸು ಒಳ್ಳೆಯದೇ. ಆದರೆ ಡೆಡ್‌ಲೈನ್ ಅಕ್ಟೋಬರ್ 1, ಅದನ್ನು ಯಾರೂ ಮುಂದೂಡೋ ಹಾಗಿಲ್ಲ.

ಎರಡನೇ ತಪ್ಪು ಇನ್ನೂ ದೊಡ್ಡದು. ಇಂಥ ಪ್ರಾಜೆಕ್ಟಿನಲ್ಲಿ ಎಲ್ಲ ತುಂಡುಗಳನ್ನೂ ಜೋಡಿಸುವ ಹೊಣೆ ಹೊತ್ತ ಒಬ್ಬರು ಇರಬೇಕು. ಅವರನ್ನು ಸಿಸ್ಟಮ್ಸ್ ಇಂಟಿಗ್ರೇಟರ್ ಅಂತಾರೆ. ಒರೆಗಾನ್ ಅಂಥ ಕಂಪನಿಯನ್ನು ಗೊತ್ತು ಮಾಡದೆ ತಾನೇ ಆ ಪಾತ್ರ ವಹಿಸಿಕೊಂಡಿತು. ಸಾಫ್ಟ್‌ವೇರ್ ಮತ್ತು ಡೆವಲಪರ್‌ಗಳು ಒರಾಕಲ್ ಕಂಪನಿಯವರು. ಸರ್ಕಾರದ ಕಡೆ ಆರೋಗ್ಯ ಪ್ರಾಧಿಕಾರ ಒಂದು, ಕವರ್ ಒರೆಗಾನ್ ಸಂಸ್ಥೆ ಇನ್ನೊಂದು. ಕೊನೇ ಮಾತು ಯಾರದ್ದು? ಅದೇ ಯಾರಿಗೂ ಸ್ಪಷ್ಟ ಇರಲಿಲ್ಲ. ಗುಣಮಟ್ಟ ಪರೀಕ್ಷಿಸಲು ನೇಮಿಸಿದ್ದ ಹೊರಗಿನ ಸಂಸ್ಥೆ 'ಅಪಾಯ ಇದೆ' ಅಂತ ಮತ್ತೆ ಮತ್ತೆ ವರದಿ ಕೊಟ್ಟಿತು. ವರದಿಗಳು ಬಂದವು, ಮೀಟಿಂಗ್‌ಗಳು ನಡೆದವು, ಕೆಲಸ ಹಾಗೇ ಮುಂದುವರಿಯಿತು. 'ಇದು ಆಗಲ್ಲ, ಅರ್ಧ ಕಿತ್ತುಹಾಕಿ' ಅಂತ ಹೇಳುವ ಅಧಿಕಾರ ಇರುವವರು ಯಾರೂ ಅದನ್ನು ಹೇಳಲಿಲ್ಲ.

ಕೊನೆಗೆ ಸಾಮಾನ್ಯ ಜನ ತಾವೇ ಶುರುವಿನಿಂದ ಕೊನೆಯವರೆಗೆ ಆನ್‌ಲೈನ್‌ನಲ್ಲಿ ವಿಮೆ ತಗೊಳ್ಳೋಕೆ ಆ ಸೈಟ್ ತೆರೆಯಲೇ ಇಲ್ಲ. ಜನ ಹತ್ತೊಂಬತ್ತು ಪುಟದ ಕಾಗದದ ಅರ್ಜಿ ತುಂಬಿದರು. ಅವನ್ನು ಕೈಯಲ್ಲಿ ನೋಡೋಕೆ ರಾಜ್ಯ ನೂರಾರು ಜನರನ್ನು ಕೂರಿಸಬೇಕಾಯಿತು. 2014ರ ಏಪ್ರಿಲ್‌ನಲ್ಲಿ ಕವರ್ ಒರೆಗಾನ್ ಮಂಡಳಿ ಸ್ವಂತ ಸೈಟು ಬಿಟ್ಟು ಕೇಂದ್ರದ ಸೈಟಿಗೆ ಸೇರಲು ತೀರ್ಮಾನಿಸಿತು. 2015ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಿದರು. ರಾಜ್ಯ ಒರಾಕಲ್ ಮೇಲೆ, ಒರಾಕಲ್ ರಾಜ್ಯದ ಮೇಲೆ ಕೇಸು ಹಾಕಿದವು. ತಪ್ಪು ನಿಮ್ಮದು ಅಂತ ಇಬ್ಬರದ್ದೂ ವಾದ. 2016ರಲ್ಲಿ ಸುಮಾರು 10 ಕೋಟಿ ಡಾಲರ್ ಮೌಲ್ಯದ ರಾಜಿ ಆಯಿತು. ಅದರಲ್ಲೂ ಹೆಚ್ಚಿನ ಪಾಲು ನಗದಲ್ಲ, ಸಾಫ್ಟ್‌ವೇರ್ ಲೈಸೆನ್ಸ್!

ಕೆಂಟಕಿ: ಕೆಲಸ ಮಾಡಿದರೆ ಸಾಕು

ಕೆಂಟಕಿ ಟೆಕ್ನಾಲಜಿಗೆ ಹೆಸರಾದ ರಾಜ್ಯ ಅಲ್ಲ. ಕಲ್ಲಿದ್ದಲು ಗಣಿ, ಕುದುರೆ ಓಟ, ಬಡ ಗುಡ್ಡಗಾಡು ಹಳ್ಳಿಗಳು. ಶಾಸನಸಭೆಯಲ್ಲಿ ವಿರೋಧವಿತ್ತು, ಹಾಗಾಗಿ ಗವರ್ನರ್ ಸ್ಟೀವ್ ಬೆಷಿಯರ್ 2012ರಲ್ಲಿ ತಮ್ಮ ಆದೇಶದ ಮೂಲಕವೇ ಮಾರುಕಟ್ಟೆ ಸ್ಥಾಪಿಸಿದರು. ಹೆಸರು 'ಕೈನೆಕ್ಟ್', ಕೆಂಟಕಿಯ ಕೆವೈ ಅಕ್ಷರಗಳನ್ನು 'ಕನೆಕ್ಟ್' ಪದಕ್ಕೆ ಸೇರಿಸಿ ಮಾಡಿದ್ದು.

ಸೈಟು ನೋಡೋಕೆ ತೀರಾ ಸಾದಾ. ದೊಡ್ಡ ಚಿತ್ರಗಳಿಲ್ಲ, ಅನಿಮೇಶನ್ ಇಲ್ಲ. ಯಾಕೆ ಅಂದ್ರೆ ಬಳಸುವವರಲ್ಲಿ ಎಷ್ಟೋ ಜನರ ಹತ್ತಿರ ನಿಧಾನದ ಇಂಟರ್ನೆಟ್, ಹಳೇ ಬ್ರೌಸರ್. ಇನ್ನೊಂದು ನಿರ್ಧಾರ ಇಡೀ ಆಟವನ್ನೇ ಬದಲಿಸಿತು: ಅಕೌಂಟ್ ಮಾಡದೆಯೇ ಒಳಗೆ ಬಂದು, ನಾಲ್ಕು ಪ್ರಶ್ನೆಗೆ ಉತ್ತರಿಸಿ, ತಮಗೆ ಏನು ಸಿಗಬಹುದು ಅಂತ ನೋಡಬಹುದಿತ್ತು.

ಇದು ಸಣ್ಣ ವಿಷಯ ಅನ್ನಿಸುತ್ತಾ? ಕೇಂದ್ರದ ಸೈಟಿನಲ್ಲಿ ಮೊದಲು ಅಕೌಂಟ್ ಮಾಡಬೇಕು, ಆಮೇಲೆ ಬೆಲೆ. ಅಂದ್ರೆ ಸುಮ್ಮನೆ ಕುತೂಹಲಕ್ಕೆ ಬಂದವರೂ ಅದೇ ಕಿರಿದಾದ ಬಾಗಿಲಲ್ಲೇ ನುಗ್ಗಬೇಕು. ಒಟ್ಟಿಗೆ 50ರಿಂದ 60 ಸಾವಿರ ಜನ ಬರಬಹುದು ಅಂದುಕೊಂಡಿದ್ದ ಕಡೆ ಸುಮಾರು 2.5 ಲಕ್ಷ ಜನ ಬಂದರು ಅಂತ ಶ್ವೇತಭವನದ ತಂತ್ರಜ್ಞಾನ ಮುಖ್ಯಸ್ಥರಾಗಿದ್ದ ಟಾಡ್ ಪಾರ್ಕ್ ಹೇಳಿದರು. ಕ್ಯೂ ಥಿಯರಿ ಓದಿದವರಿಗೆ ಮುಂದಿನದು ಹೇಳಬೇಕಿಲ್ಲ. ಹಲವಾರು ಕಂಪನಿಗಳು ಮಾಡಿದ ತುಂಡುಗಳನ್ನೆಲ್ಲ ಸೇರಿಸಿ ಪೂರ್ತಿ ಪರೀಕ್ಷೆ ಮಾಡಿದ್ದು ಕೊನೆಯ ಎರಡು ವಾರದಲ್ಲಿ ಮಾತ್ರ ಅಂತ ಗುತ್ತಿಗೆದಾರರು ಸಂಸತ್ತಿನ ಮುಂದೆ ಒಪ್ಪಿಕೊಂಡರು. ನಮ್ಮ ಡೆಮೋ ರಾತ್ರಿ, ದೇಶದ ಮಟ್ಟದಲ್ಲಿ.

ಕೆಂಟಕಿಯಲ್ಲೂ ಮೊದಲ ದಿನ ಸ್ವಲ್ಪ ತಡವರಿಕೆ ಇತ್ತು. ಸರ್ವರ್ ಸಾಮರ್ಥ್ಯ ಹೆಚ್ಚಿಸಿದರು, ಸೈಟು ಓಡಿತು. 2013ರಲ್ಲಿ ಅಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ವಿಮೆ ಇರಲಿಲ್ಲ. ಎರಡು ವರ್ಷದಲ್ಲಿ ಅದು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆಯಾಯಿತು. ಇದರಲ್ಲಿ ಮೆಡಿಕೇಡ್ ವಿಸ್ತರಣೆಯ ಪಾಲು ದೊಡ್ಡದು, ಆದರೆ ಮೆಡಿಕೇಡ್‌ಗೆ ಅರ್ಜಿ ಹಾಕುವ ಬಾಗಿಲೂ ಇದೇ ಸೈಟು.

ಒಂದು ತಮಾಷೆ ಹೇಳಲೇಬೇಕು. 2013ರಲ್ಲಿ ಕೆಂಟಕಿಯ ಜಾತ್ರೆಯಲ್ಲಿ ಕೈನೆಕ್ಟ್ ಸ್ಟಾಲ್ ಹಾಕಿದ್ದರು. ಅಲ್ಲಿಗೆ ಬಂದ ಒಬ್ಬರಿಗೆ ವಿವರ ಕೇಳಿ ಬಹಳ ಇಷ್ಟವಾಯಿತಂತೆ. ಇದು ಒಬಾಮಕೇರ್‌ಗಿಂತ ಚೆನ್ನಾಗಿರಲಿ ಅಂತ ಆಶಿಸಿದರಂತೆ. ಇದೇ ಅದು ಅಂತ ಪಾಪ ಅವರಿಗೆ ಗೊತ್ತಿರಲಿಲ್ಲ.

ಆದರೆ ಕೋಡ್ ಚೆನ್ನಾಗಿದ್ದರೆ ಸಾಕಾ? ಸಾಲದು. 2015ರ ಚುನಾವಣೆಯಲ್ಲಿ ಗೆದ್ದ ಮ್ಯಾಟ್ ಬೆವಿನ್, ಚೆನ್ನಾಗಿ ಓಡುತ್ತಿದ್ದ ಈ ಮಾರುಕಟ್ಟೆಯನ್ನೇ ಮುಚ್ಚಿ ರಾಜ್ಯವನ್ನು ಕೇಂದ್ರದ ಸೈಟಿಗೆ ಸೇರಿಸಿದರು. ಮುಂದೆ ಸ್ಟೀವ್ ಅವರ ಮಗ ಆಂಡಿ ಬೆಷಿಯರ್ ಗವರ್ನರ್ ಆದ ಮೇಲೆ 2022ರ ಪ್ಲಾನ್‌ಗಳಿಗೆ ಅದು ಮತ್ತೆ ತೆರೆಯಿತು.

ಹಾಗಾದ್ರೆ ಪಾಠ ಏನು?

ಒರೆಗಾನ್ ಸೋತಿದ್ದು ಎಂಜಿನಿಯರ್‌ಗಳಿಗೆ ಕೋಡ್ ಬರೆಯೋಕೆ ಬರಲಿಲ್ಲ ಅಂತಲ್ಲ. ಏನನ್ನು ಈಗ ಮಾಡಬಾರದು ಅಂತ ತೀರ್ಮಾನಿಸುವವರು ಇರಲಿಲ್ಲ. ಕನೆಕ್ಟಿಕಟ್ ರಾಜ್ಯ ಇದನ್ನು ಬೇಗ ಅರ್ಥ ಮಾಡಿಕೊಂಡು, ಲಾಂಚ್‌ಗೆ ಮುಂಚೆಯೇ ಎಷ್ಟೋ ಫೀಚರ್‌ಗಳನ್ನು ಪಕ್ಕಕ್ಕಿಟ್ಟಿತು. ಅದರ ಸೈಟು ಓಡಿತು. ಮೇರಿಲ್ಯಾಂಡ್‌ನ ಸೈಟು ಕೆಟ್ಟಾಗ ಅವರು ಹಠ ಮಾಡದೆ ಕನೆಕ್ಟಿಕಟ್‌ನ ಸಾಫ್ಟ್‌ವೇರನ್ನೇ ತಂದು ಬಳಸಿದರು. ಸೋತಿದ್ದನ್ನು ಒಪ್ಪಿಕೊಂಡು ಕೆಲಸ ಮಾಡೋದನ್ನು ತಗೊಳ್ಳೋದೂ ಎಂಜಿನಿಯರಿಂಗೇ.

ನಮ್ಮ ದೇಶದಲ್ಲೂ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 'ಬಿಮಾ ಸುಗಮ್' ಹೆಸರಿನ ಆನ್‌ಲೈನ್ ವಿಮಾ ಮಾರುಕಟ್ಟೆಗೆ 2024ರಲ್ಲಿ ನಿಯಮ ಹೊರಡಿಸಿದೆ. ಇಂಥ ಸಿಸ್ಟಮ್‌ಗಳ ಯಾವುದೋ ಒಂದು ಮಾಡ್ಯೂಲ್ ನಾಳೆ ನಮ್ಮಲ್ಲೇ ಯಾರದ್ದೋ ಟೇಬಲ್ ಮೇಲೆ ಬರಬಹುದು. ಆಗ 'ನನ್ನ ಭಾಗ ಓಡ್ತಿದೆ ಸರ್' ಅನ್ನೋ ಮೊದಲು ಎರಡು ಪ್ರಶ್ನೆ ಕೇಳೋಣ. ಎಲ್ಲವನ್ನೂ ಸೇರಿಸಿ ಕೊನೆಯ ಸಲ ಓಡಿಸಿ ನೋಡಿದ್ದು ಯಾವಾಗ? ಓಡದಿದ್ದರೆ 'ನಿಲ್ಲಿಸಿ' ಅನ್ನೋ ಅಧಿಕಾರ ಯಾರಿಗಿದೆ? ಎರಡನೇ ಪ್ರಶ್ನೆಗೆ ರೂಮಿನಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರೆ, ಹತ್ತೊಂಬತ್ತು ಪುಟದ ಕಾಗದದ ಅರ್ಜಿಯನ್ನು ಈಗಲೇ ಪ್ರಿಂಟ್ ಹಾಕಿಸಿಟ್ಟುಕೊಳ್ಳೋದು ಒಳ್ಳೆಯದು.